ಚಿಗವ್ವನ ಮೇಲೆ ಬಿದ್ದ ಹಾಡು

ಚಿಗವ್ವನ ಬಲಗೈಯ ಮೂರು ಉಗುರುಗಳು ಮೆಟ್ಟಿಲು ತೊಳೆಯುವ ಆಸಿಡ್‌ಗೆ ಸುಟ್ಟು ಹಳದಿಯಾಗಿ ಬುಡದಿಂದ ಎದ್ದಿದ್ದವು. ಹಿಟ್ಟಿಗೆ ತಾಗದಂತೆ ಬೆರಳೆತ್ತಿಕೊಂಡು, ಅಂಗೈಯಿಂದಲೇ ರೊಟ್ಟಿ ಬಡಿಯುತ್ತಿದ್ದಳು. ಅವ್ವ ತೀರಿಕೊಂಡ ಮೇಲೆ ವಡಾಲದ ಚಾಳಿನ ಒಂದೇ ಖೋಲಿಯಲ್ಲಿ ನನ್ನನ್ನು ಸಾಕಿದವಳು ಅವಳು, ಅವ್ವನ ತಂಗಿ. ಮಲಾಡ್‌ನ ಒಂದು ವಸತಿ ಸೊಸೈಟಿಯಲ್ಲಿ ಏಳು ಮಹಡಿಯ ಮೆಟ್ಟಿಲು ಗುಡಿಸಿ ಒರೆಸುವುದು ಅವಳ ಕೆಲಸ.

ನಮ್ಮ ಜಾತಿಯ ಹೆಸರನ್ನು ಜನ ಬೈಗುಳವಾಗಿಯೂ ಬಳಸುತ್ತಾರೆ. ಶಾಲೆಯಲ್ಲಿ ನನ್ನನ್ನು ಹಾಗೇ ಕರೆಯುತ್ತಿದ್ದರು. ಅಳುತ್ತ ಬಂದರೆ ಚಿಗವ್ವ ಒಂದೇ ಮಾತು ಹೇಳುತ್ತಿದ್ದಳು: "ನಿನ್ನ ಹೆಸರು ಹಿಡದು ಕರೀಲಿ. ಆ ಬೈಗುಳಕ್ಕ ನೀ ಓ ಅನಬ್ಯಾಡ."

ದೊಡ್ಡವನಾದ ಮೇಲೆ ನಾನು ಎದೆ ತಟ್ಟಿ ಓ ಅಂದೆ. ಹಿಂದಿಯಲ್ಲಿ ರ‍್ಯಾಪ್ ಕಟ್ಟಿ ಆ ಪದವನ್ನೇ ಪಲ್ಲವಿಗೆ ತಂದೆ. ಹೌದು, ನಾನು ಅದೇ, ಏನೀಗ ಎನ್ನುವ ಧಾಟಿ. ಹಾಡು ಫೋನಿನಿಂದ ಫೋನಿಗೆ ಹಬ್ಬಿತು. ಜನ್ಮದಲ್ಲಿ ಆ ಬೈಗುಳ ತಿನ್ನದ ಕಾಲೇಜು ಹುಡುಗರೂ ನನ್ನೊಂದಿಗೆ ಕೂಗಿದರು. ಅದು ನನಗೆ ಗೆಲುವೆನಿಸಿತು.

ಹೋಳಿಯ ದಿನ ಕೆಲಸದಿಂದ ಬಂದ ಚಿಗವ್ವ ಸೀರೆ ಬದಲಿಸದೆ ಕೂತಳು. ಸೊಸೈಟಿಯ ಹುಡುಗರು ನನ್ನ ಹಾಡು ಹಾಕಿ ಕುಣಿಯುತ್ತಿದ್ದರಂತೆ. ಕಸಬರಿಗೆ ಹಿಡಿದು ಇವಳು ಹಾಯುವಾಗ, ಆ ಪದ ಬಂದಾಗಲೆಲ್ಲ ಇವಳತ್ತ ಬೆರಳು ತೋರಿಸಿ ಕೂಗಿದರಂತೆ. ಸೆಕ್ರೆಟರಿಗೆ ದೂರಿದರೆ, ಹಾಡಿದವನು ನಿಮ್ಮ ಮನೆಯ ಹುಡುಗನೇ ಅಲ್ಲವೇ ಎಂದು ನಕ್ಕನಂತೆ.

ನಾನು ವಿವರಿಸಲು ಹೋದೆ. ನಮ್ಮನ್ನು ಹೊಡೆದ ಪದವನ್ನು ಅವರಿಂದ ಕಸಿದುಕೊಂಡಿದ್ದೇನೆ ಎಂದೆ.

"ಕಸಗೊಂಡೆ ಅಂತಿ," ಅಂದಳು ಚಿಗವ್ವ. "ಕಸಗೊಂಡ ಮ್ಯಾಲ ಮತ್ತ ಅವರ ಕೈಯಾಗ ಯಾಕ ಕೊಟ್ಟಿ?"

ನನಗೆ ಸಿಟ್ಟು ಬಂತು. "ಜಲ್ಮೆಲ್ಲಾ ತಲಿ ಬಗ್ಗಿಸಿದಾಕಿ ನೀ. ನಿನಗ ತಿಳಿಯಂಗಿಲ್ಲ," ಅಂದುಬಿಟ್ಟೆ. ಅವಳು ಎದ್ದು ಒಲೆ ಹೊತ್ತಿಸಿದಳು. ಮತ್ತೆಂದೂ ಆ ಮಾತೆತ್ತಲಿಲ್ಲ.

ಎರಡು ವರ್ಷದ ನಂತರ ಎದೆಯ ಕಾಯಿಲೆಯಿಂದ ಹೋದಳು. ಸ್ಮಶಾನದಿಂದ ಮರಳುವಾಗ, ಅವಳೊಂದಿಗೆ ಕೆಲಸ ಮಾಡುತ್ತಿದ್ದ ಹೆಂಗಸು ನನಗೆ ಗೊತ್ತೇ ಇರದಿದ್ದ ಸಂಗತಿ ಹೇಳಿದಳು. ನಾನಿನ್ನೂ ಶಾಲೆಯಲ್ಲಿದ್ದಾಗ, ಎರಡನೇ ಮಹಡಿಯ ಮುದುಕನೊಬ್ಬ ಚಿಗವ್ವನನ್ನು ಆ ಪದದಿಂದ ಕರೆದನಂತೆ. ಇವಳು ಕಸಬರಿಗೆ ಕೆಳಗಿಟ್ಟು, ಉಳಿದ ಹೆಂಗಸರನ್ನೂ ಕರೆದುಕೊಂಡು, ಮೂರು ದಿನ ಗೇಟಿನಲ್ಲಿ ಕೂತಳಂತೆ. ನಾಲ್ಕನೆಯ ದಿನ ಮುದುಕ ಎಲ್ಲರೆದುರು ತಪ್ಪಾಯಿತೆಂದ. ಆಮೇಲೆ ಆ ಸೊಸೈಟಿಯಲ್ಲಿ ಯಾರೂ ಆ ಪದ ಎತ್ತಿರಲಿಲ್ಲ, ನನ್ನ ಹಾಡು ಬರುವವರೆಗೆ. ಆ ಮೂರೂ ದಿನ ಚಿಗವ್ವ ಎಂದಿನಂತೆ ಡಬ್ಬಿ ಕಟ್ಟಿಕೊಂಡು ಲೋಕಲ್ ರೈಲು ಹಿಡಿಯಲು ಹೋಗಿರಬೇಕು. ನನಗೆ ಸುಳಿವೇ ಇರಲಿಲ್ಲ.

"ಈಗ ಆಕಿ ಮೆಟ್ಟಲ ನಾ ಒರಸ್ತೀನಿ," ಅಂದಳು ಆ ಹೆಂಗಸು. "ಹುಡುಗ್ರು ಇನ್ನೂ ಹಾಡ್ತಾರ."

ಅಂದೇ ಹಾಡನ್ನು ಇಂಟರ್ನೆಟ್ಟಿನ ನನ್ನ ಪುಟದಿಂದ ಅಳಿಸಿದೆ. ಜನ ತಮ್ಮ ಫೋನಿಗೆ ಇಳಿಸಿಕೊಂಡದ್ದು ಹಾಗೇ ಇದೆ. ಅದರಲ್ಲಿರುವ ದನಿ ನನ್ನದು.