ಮುಳ್ಳುಂಡೆಗಳು ಕೆಳಗಿಟ್ಟ ಬಳೆಚೂರು

ಭೂತ, ಶಕುನ, ಹಲ್ಲಿಯ ಲೊಚಗುಟ್ಟುವಿಕೆ ಯಾವುದನ್ನೂ ನಾನು ನಂಬಿದವನಲ್ಲ. ನಂಬದೆ ಸುಮ್ಮನಿದ್ದಿದ್ದರೂ ಆಗುತ್ತಿತ್ತು. ನಂಬುವವರನ್ನು ಹಿಡಿದು ನಿಲ್ಲಿಸಿ ವಾದ ಮಾಡುವ ಚಟವೂ ನನಗಿತ್ತು. ನೆಕ್ರಾಜೆಯ ನಮ್ಮ ಮನೆಯಲ್ಲಿ ನನಗೆ ‘ವಕೀಲ’ ಎಂದೇ ಅಡ್ಡಹೆಸರು. ಈಗ ಹೇಳಹೊರಟ ಸಂಗತಿಯನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೇ ಮೊದಲು ಗೇಲಿ ಮಾಡುತ್ತಿದ್ದೆ. ನೀವು ನನ್ನನ್ನು ಗೇಲಿ ಮಾಡಿದರೆ ನನಗೆ ಬೇಸರವಿಲ್ಲ.

ಮಹಾಯುದ್ಧ ಮುಗಿದ ಮರುವರ್ಷ ನಾನು ಮೊಗ್ರಾಲಿನಲ್ಲಿ ಶಾಲಾ ಮಾಸ್ತರನಾಗಿದ್ದೆ. ಹೊಳೆ ಕಡಲು ಸೇರುವ ಜಾಗಕ್ಕೆ ಹತ್ತಿರ ಒಂದು ಬಾಡಿಗೆ ಮನೆ. ಅಲ್ಲಿ ನನಗೆ ಹಿಡಿದ ಹುಚ್ಚೆಂದರೆ ಕಡಲ ಮುಳ್ಳುಂಡೆಗಳದು. ಇಂಗ್ಲಿಷಿನಲ್ಲಿ ಸೀ ಅರ್ಚಿನ್ ಎನ್ನುತ್ತಾರೆ. ಮೈತುಂಬ ಮುಳ್ಳು, ತಲೆ ಎಲ್ಲಿ ಬಾಲ ಎಲ್ಲಿ ಎಂದು ತಿಳಿಯದ ಪ್ರಾಣಿ. ನಮ್ಮ ತೀರದಲ್ಲಿ ಎಷ್ಟು ಬಗೆಯವು ಇವೆ ಎಂದು ಪಟ್ಟಿ ಮಾಡುವ ಆಸೆ ನನ್ನದು. ಬಂಡೆಯ ಗುಳಿ ಬಿಟ್ಟು ಕದಲದ ಕರಿಯದು, ಮರಳಿನಲ್ಲಿ ಹುದುಗಿರುವ ಹಪ್ಪಳದಂಥದು, ಕೆಸರಿನೊಳಗಿನ ಕೂದಲು ಮುಳ್ಳಿನದು, ಹೀಗೆ ಏಳು ಬಗೆ ಸಿಕ್ಕಿದ್ದವು. ಆಳ ನೀರಿನವನ್ನು ತಂದುಕೊಡುತ್ತಿದ್ದವನು ಪಕ್ಕದ ಮನೆಯ ಮೊಗವೀರ ಶೀನ. ಬಲೆ ಹಾಳುಮಾಡುವ ಪೀಡೆಗಳೆಂದು ಉಳಿದವರು ಬೈದು ಎಸೆದರೆ, ಅವನು ಒಂದೊಂದನ್ನೇ ಬಿಡಿಸಿ ನನಗೆಂದು ಬುಟ್ಟಿಯಲ್ಲಿ ತರುತ್ತಿದ್ದ.

ಅವುಗಳಲ್ಲಿ ಗಿಡ್ಡ ಮುಳ್ಳಿನ ಒಂದು ಬಗೆಗೆ ವಿಚಿತ್ರ ಅಭ್ಯಾಸ. ಬೆಳಕು ಬಿದ್ದೊಡನೆ ಚಿಪ್ಪಿನ ಚೂರು, ಎಲೆ, ಸಣ್ಣ ಕಲ್ಲು, ಸಿಕ್ಕಿದ್ದನ್ನೆಲ್ಲ ಎತ್ತಿ ಬೆನ್ನ ಮೇಲೆ ಹೊದ್ದುಕೊಳ್ಳುತ್ತದೆ. ಮುಳ್ಳುಗಳ ನಡುವೆ ನೂಲಿನಂಥ ಕಾಲುಗಳಿವೆ, ಅವುಗಳಿಂದ ಹಿಡಿಯುತ್ತದೆ. ಬಿಸಿಲು ಹೆಚ್ಚಿದಷ್ಟೂ ಹೊದಿಕೆ ಹೆಚ್ಚು. ಅಂಥ ಒಂಬತ್ತನ್ನು ಅಂಗಳದ ಕಲ್ಲಿನ ಮರಿಗೆಯಲ್ಲಿ ಸಾಕಿ, ದಿನಾ ಬೆಳಗ್ಗೆ ಕಡಲ ನೀರು ಬದಲಿಸುತ್ತಿದ್ದೆ.

ಶೀನನ ಹೆಂಡತಿ ಕಮಲೆ ಮೀನು ಮಾರಲು ಹೋಗುವಾಗ ನಮ್ಮ ಅಂಗಳ ಹಾದೇ ಹೋಗಬೇಕು. ಒಂದು ದಿನ ಅವಳ ಎರಡು ಹಸಿರು ಬಳೆ ಬುಟ್ಟಿಯ ಅಂಚಿಗೆ ತಾಗಿ ಒಡೆದವು. ಶೀನ ಹೊಸಂಗಡಿಯಿಂದ ತಂದುಕೊಟ್ಟ ಬಳೆ. ಎಸೆಯಲು ಮನಸ್ಸಾಗದೆ ಚೂರುಗಳನ್ನು ಮರಿಗೆಗೆ ಹಾಕಿದಳು. ಮರುದಿನ ನೋಡಿದರೆ ಮುಳ್ಳುಂಡೆಗಳು ಅವನ್ನು ಬೆನ್ನಿಗೇರಿಸಿಕೊಂಡಿದ್ದವು.

“ನಿನ್ನ ಹಾಗೆ ಇವಕ್ಕೂ ಬಳೆಯ ಮರ್ಲು ಉಂಟು ಮಾರಾಯ್ತಿ,” ಎಂದು ಶೀನ ಹೊಟ್ಟೆ ಹಿಡಿದುಕೊಂಡು ನಕ್ಕ. ಬಣ್ಣದ ಭೇದವಿದೆಯೇ ಎಂದು ನೋಡಲು ನಾನು ಕೆಂಪು ಬಳೆಯ ಚೂರುಗಳನ್ನೂ ಹಾಕಿದೆ. ಅವಕ್ಕೆ ಕೆಂಪೂ ಒಂದೇ, ಹಸಿರೂ ಒಂದೇ.

ದೀಪಾವಳಿ ಕಳೆದು ವಾರವಾಗಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಗಾಳಿ ಎದ್ದು ಶೀನನ ದೋಣಿ ಮಗುಚಿತು. ಜೊತೆಗಿದ್ದ ಇಬ್ಬರು ದಡ ಸೇರಿದರು. ಶೀನ ಒಂದು ಹಲಗೆ ಹಿಡಿದುಕೊಂಡು ತೆಂಕು ದಿಕ್ಕಿಗೆ ಹೋದುದನ್ನು ಕಂಡೆವು ಎಂದರು. ಅದೊಂದು ಮಾತಿಗೆ ಕಮಲೆ ಜೋತುಬಿದ್ದಳು. ಹತ್ತು ದಿನ ಕಾದು ಊರಿನ ಮುಖಂಡರಾದ ಗುರಿಕಾರರು, ಸಂಕ್ರಮಣದೊಳಗೆ ಸುದ್ದಿ ಬಾರದಿದ್ದರೆ ಸತ್ತವರಿಗೆ ಮಾಡುವ ಬೊಜ್ಜದ ಕ್ರಿಯೆ ಮುಗಿಸುವುದು, ಬಳೆ ತೆಗೆಸುವುದು ಎಂದು ತೀರ್ಮಾನಿಸಿದರು.

“ಬದುಕಿದ್ದವರ ಬೊಜ್ಜ ಮಾಡಿದರೆ ಅವರು ಎಲ್ಲಿಗೆ ಬರುವುದು ಮಾಸ್ಟ್ರೇ?” ಎಂದು ಅವಳು ಮರಿಗೆಯ ಬಳಿ ಕುಳಿತು ಅತ್ತಳು.

ನಾನು ಮರಿಗೆಗೆ ಬಗ್ಗಿ ನೋಡಿದೆ. ನೀರಿನಲ್ಲಿ ಹಸಿರು ಚೂರುಗಳು ಮಿನುಗುತ್ತಿದ್ದವು. “ಇವು ನಿನ್ನ ಬಳೆ ಹೊತ್ತುಕೊಂಡಿರುವಷ್ಟು ದಿನ ನೀನೂ ತೆಗೆಯಬೇಡ,” ಎಂದುಬಿಟ್ಟೆ. ಸಮಾಧಾನಕ್ಕೆ ಆಡಿದ ಮಾತು. ಮುಳ್ಳುಂಡೆಗಳು ಹೊದಿಕೆ ಬಿಡುವುದಿಲ್ಲವೆಂದು ನನಗೆ ಗೊತ್ತಿತ್ತಲ್ಲ! ಅವಳು ಅದನ್ನೇ ಹಿಡಿದುಕೊಂಡಳು. ದಿನಾ ಬಂದು ಬಗ್ಗಿ ನೋಡಿ, “ಉಂಟು,” ಎಂದು ಹೇಳಿಕೊಂಡು ಹೋಗುತ್ತಿದ್ದಳು. ಗುರಿಕಾರರಿಗೂ “ಮಾಸ್ಟ್ರು ಹೇಳಿದ್ದಾರೆ” ಎಂದೇ ಉತ್ತರ. ಓದಿದವನ ಮಾತೆಂದು ಅವರೂ ಸಂಕ್ರಮಣ ದಾಟಲು ಬಿಟ್ಟರು.

ಸಂಕ್ರಮಣ ಕಳೆದ ನಾಲ್ಕನೆಯ ದಿನ, ಭಾನುವಾರ. ನಡು ಮಧ್ಯಾಹ್ನ, ಕಣ್ಣು ಬಿಡಲಾಗದ ಬಿಸಿಲು. ಮರಿಗೆಗೆ ತೆಂಗಿನ ಮಡಲು ಮುಚ್ಚಲೆಂದು ಹೋದವನು ಹಾಗೇ ನಿಂತೆ. ಒಂಬತ್ತೂ ಚಿಪ್ಪು ಹೊದ್ದಿದ್ದವು, ಕೆಂಪು ಚೂರುಗಳನ್ನೂ ಹೊದ್ದಿದ್ದವು. ಹಸಿರು ಒಂದರ ಮೇಲೂ ಇರಲಿಲ್ಲ. ಎಲ್ಲ ತಳದಲ್ಲಿ ಬಿದ್ದಿದ್ದವು.

ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಒಳಗಿನಿಂದ ಚಿಮಟ ತಂದು, ಹಸಿರು ಚೂರುಗಳನ್ನು ಒಂದೊಂದಾಗಿ ಅವುಗಳ ಬೆನ್ನ ಮೇಲೆ ಇಡತೊಡಗಿದೆ. ಇಟ್ಟ ಚೂರು ಮುಳ್ಳಿನಿಂದ ಮುಳ್ಳಿಗೆ ಸರಿದು ಮೆಲ್ಲಗೆ ಕೆಳಗೆ ಬೀಳುತ್ತಿತ್ತು. ಮತ್ತೆ ಇಟ್ಟೆ. ಮತ್ತೆ ಬಿತ್ತು. ಶಕುನ ನಂಬದ ವಕೀಲ ಆ ಬಿಸಿಲಿನಲ್ಲಿ ಮುಳ್ಳುಂಡೆಗಳನ್ನು ಬೇಡಿಕೊಳ್ಳುತ್ತಿದ್ದ.

“ಮಾಸ್ಟ್ರೇ, ನೀವು ಇಡುವುದು ಬೇಡ.”

ಕಮಲೆ ಹಿಂದೆ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. “ಇದು ಬರೇ ಪ್ರಾಣಿ ಕಮಲೆ, ಇದಕ್ಕೆ ಎಂತ ಗೊತ್ತು? ಅವತ್ತು ನಾನು ಸುಮ್ಮನೆ ಹೇಳಿದ್ದು,” ಎಂದು ತೊದಲಿದೆ. ಅವಳು ಅಳಲಿಲ್ಲ. ಮರಿಗೆಯ ಅಂಚಿಗೆ ಎರಡೂ ಕೈ ಬಡಿದು ಉಳಿದ ಬಳೆಗಳನ್ನು ಒಡೆದುಕೊಂಡಳು. ಚೂರುಗಳು ನೀರಿಗೆ ಬಿದ್ದವು. ಬುಟ್ಟಿ ಎತ್ತಿಕೊಂಡು ಮನೆಗೆ ಹೋದಳು. ಆ ವಾರವೇ ಬೊಜ್ಜ ನಡೆಯಿತು.

ಆಮೇಲೆ ನನ್ನ ವಾದದ ಬುದ್ಧಿ ಸುಮ್ಮನಿರಲಿಲ್ಲ. ಹೊಸಂಗಡಿಗೆ ಹೋಗಿ ಅದೇ ಅಂಗಡಿಯಿಂದ ಅದೇ ಹಸಿರಿನ ಬಳೆ ತಂದು ಒಡೆದು ಹಾಕಿದೆ. ಒಂದು ಗಂಟೆಯೊಳಗೆ ಹೊದ್ದುಕೊಂಡವು. ಅವಳ ಚೂರುಗಳು, ಹಳೆಯವೂ ಅಂದು ಒಡೆದವೂ, ಪಕ್ಕದಲ್ಲೇ ಬಿದ್ದಿದ್ದವು. ಹತ್ತು ದಿನ ಕಾದೆ. ಒಂದೂ ಮುಟ್ಟಲಿಲ್ಲ. ಕೊನೆಗೆ ಒಂಬತ್ತನ್ನೂ ಕಡಲಿಗೆ ಬಿಟ್ಟು ಬಂದೆ. ನನ್ನ ಪಟ್ಟಿ ಏಳಕ್ಕೇ ನಿಂತಿತು.

ಶೀನ ಬರಲಿಲ್ಲ. ಅವನ ಹೆಣವೂ ಬರಲಿಲ್ಲ. ಕಮಲೆ ನನ್ನನ್ನು ಒಮ್ಮೆಯೂ ದೂರಲಿಲ್ಲ. ನನಗೆ ವರ್ಗವಾಗುವವರೆಗೂ ಬಳೆಯಿಲ್ಲದ ಬರಿಗೈಯಲ್ಲಿ ಮೀನು ತೂಗಿ ಕೊಡುತ್ತಿದ್ದಳು. ಆ ಕೈ ನೋಡಲಾಗದೆ ನಾನು ಮೀನು ತಿನ್ನುವುದನ್ನೇ ಕಡಿಮೆ ಮಾಡಿದೆ.

ಅವಳ ಬಳೆಚೂರುಗಳು ಒಂದು ತಗಡಿನ ಡಬ್ಬಿಯಲ್ಲಿ ಇಂದಿಗೂ ನನ್ನ ಬಳಿ ಇವೆ. ಬೇರೆ ಮುಳ್ಳುಂಡೆ ತಂದು ಇನ್ನೊಮ್ಮೆ ಪರೀಕ್ಷೆ ಮಾಡಬಹುದು. ಮಾಡಿಲ್ಲ. ಅವು ಮುಟ್ಟದಿದ್ದರೆ ನಾನು ಇಷ್ಟು ವರ್ಷ ಆಡಿದ ವಾದವೆಲ್ಲ ಸುಳ್ಳು. ಎತ್ತಿ ಹೊದ್ದುಕೊಂಡರೆ, ಅವನ್ನೇ ನಂಬಿ ಬಳೆ ಒಡೆದುಕೊಂಡ ಕಮಲೆಗೆ ಏನೆಂದು ಹೇಳಲಿ?