ಹಳದಿ ಬೇರಿನ ಪಂಡಿತರು
ಗಿಡಮೂಲಿಕೆಯ ಅಂಗಡಿಯ ಪಂಡಿತರ ಮತದಲ್ಲಿ ಮನುಷ್ಯನ ಬುದ್ಧಿಗೆ ತವರುಮನೆಯೆಂದರೆ ಕರುಳು. ತಲೆನೋವೆಂದು ಬಂದವನಿಗೂ ಅವರು ಮೊದಲು ಹೊಟ್ಟೆಯನ್ನೇ ಒತ್ತಿ ನೋಡುವರು. ಮರೆವೆಂದವನಿಗೆ, ನಿದ್ರೆಯಿಲ್ಲವೆಂದವನಿಗೆ, ಕಡೆಗೆ ದಾರಿ ಕೇಳಲು ನಿಂತವನಿಗೂ ಹಳದಿ ಬೇರಿನ ಕಹಿ ಸತ್ವವನ್ನು ನಾಲಿಗೆಗೆ ಹಚ್ಚದೆ ಬಿಡರು. “ಕರುಳು ತಿಳಿಯಾದ್ರೆ ತಲೆ ತಾನಾಗೇ ತಿಳಿಯಾಗುತ್ತೆ ಕಣಯ್ಯಾ” ಎಂಬುದು ಅವರ ನಿತ್ಯಪಾಠ. “ನಮ್ಮತ್ತೆಗೂ ಒಂದು ಪೊಟ್ಟಣ ಕಟ್ಟಿ ಪಂಡಿತರೇ, ಬುದ್ಧಿ ಬರದಿದ್ರೂ ಬಾಯಾದ್ರೂ ಮುಚ್ಚುತ್ತೆ” ಎಂದು ಪಕ್ಕದಂಗಡಿಯ ದರ್ಜಿ ಕಿಚಾಯಿಸಿದರೆ ನಗದೆ ಕಟ್ಟಿಕೊಡುವರು. ಎರಡು ವರ್ಷಗಳಿಂದ ಒಬ್ಬೊಬ್ಬರದೇ ಹೆಸರನ್ನು ಮರೆಯುತ್ತ, ಅಂಗಡಿಯ ಹಿಂದಿನ ಕೋಣೆಯಲ್ಲಿ ಕುಳಿತಿರುವ ಅವರ ಹೆಂಡತಿಗೂ ದಿನಕ್ಕೆರಡು ಹೊತ್ತು ಅದೇ ಸತ್ವ. ಮೊದಮೊದಲು ಆಕೆ ಮುಖ ಕಿವುಚಿ, “ಥೂ, ನಿಮ್ಮ ಮದ್ದಿಗಿಷ್ಟು ಬೆಂಕಿ ಹಾಕ!” ಎಂದು ಬಯ್ಯುತ್ತಿದ್ದರು, ಆ ಬೈಗುಳ ಕೇಳಿದ ದಿನವೆಲ್ಲ ಪಂಡಿತರಿಗೆ ಹಿಗ್ಗೋ ಹಿಗ್ಗು. ಈಚೆಗೆ ಆಕೆ ಹಾಲು ಕುಡಿದಂತೆ ಸದ್ದಿಲ್ಲದೆ ಕುಡಿಯತೊಡಗಿದಾಗ, ಬೇರು ಹಳತಾಗಿ ಸತ್ವಗೆಟ್ಟಿತೆಂದು ಬಗೆದು ಜಾಡಿಯನ್ನೇ ಚೆಲ್ಲಿದರು. ಹೊಸ ಬೇರು ತರಿಸಿ ಕುಟ್ಟಿ ಎರಡರಷ್ಟು ಹೊತ್ತು ಕುದಿಸಿದರು. ಮೂರನೆಯ ಸಲ ಕಾಸಿದ ಕಷಾಯವನ್ನೂ ಆಕೆ ಹಾಗೆಯೇ ಕುಡಿದು ಮುಗಿಸಿದ ಮೇಲೆ, ಬಟ್ಟಲಿನ ತಳದಲ್ಲುಳಿದುದನ್ನು ತಾವೇ ನಾಲಿಗೆಗೆ ಹಚ್ಚಿ ನೋಡಿದರು. ಕಹಿ ನೆತ್ತಿಗೇರಿತು. ಬೇರು ಕೆಟ್ಟಿರಲಿಲ್ಲ, ಆಕೆಗೆ ಕಹಿಯೆಂಬುದೇ ಮರೆತುಹೋಗಿತ್ತು. ಪಂಡಿತರ ಕಣ್ಣಲ್ಲಿ ನೀರು ಕಂಡು ಆಕೆ ಅಂಗೈಯಿಂದ ಒರೆಸುತ್ತ, “ಅಳ್ಬೇಡಪ್ಪಾ, ನಿಮ್ಮನೆಯವ್ರು ಈಗ ಬರ್ತಾರೆ” ಎಂದರು.