ಕಿಸಲಗಡ್ಡೆ ಅತ್ತೆ

ನಮ್ಮ ಕಡೆ ಅತ್ತೆಯಂದಿರಿಗೆ ಹೆಸರಿರುವುದಿಲ್ಲ, ಊರಿರುತ್ತದೆ. ಸಿದ್ದಾಪುರದ ಅಜ್ಜನಮನೆಯಲ್ಲಿ ಮೂವರು ಸೋದರಮಾವಂದಿರ ಹೆಂಡಿರನ್ನು ಅವರವರ ತವರು ಹಿಡಿದು ಹೆಗಡೆಕಟ್ಟಾ ಅತ್ತೆ, ಯಲ್ಲಾಪುರ ಅತ್ತೆ, ಕಿಸಲಗಡ್ಡೆ ಅತ್ತೆ ಎಂದೇ ಕರೆದು ಬೆಳೆದ ನನಗೆ, ಅವರ ನಿಜನಾಮಧೇಯಗಳು ತಿಳಿದದ್ದು ನನ್ನ ಮದುವೆಯ ಕರೆಯೋಲೆ ಅಚ್ಚಾದಾಗ.

ಕಿಸಲಗಡ್ಡೆಯೆಂಬುದು ಹೊಳೆಯ ನಡುವಿನ ಪುಟ್ಟ ನಡುಗಡ್ಡೆ. ನಾಲ್ಕು ಮನೆಗಳಿದ್ದವಂತೆ, ಮಳೆಗಾಲದಲ್ಲಿ ದಾಟುವ ಕಷ್ಟಕ್ಕೆ ಬೇಸತ್ತು ಒಬ್ಬೊಬ್ಬರೇ ದಡ ಸೇರಿ, ಈಗ ಅಲ್ಲಿ ಕಾಡು ಬೆಳೆದಿದೆ. ಸ್ಥಳನಾಮಗಳ ಹುಚ್ಚು ಹತ್ತಿಸಿಕೊಂಡ ನಾನು ಈ ಹೆಸರಿನ ಬೆನ್ನು ಬಿದ್ದು ವರ್ಷಗಳೇ ಆದವು. ಚಿಗುರೆಂಬ ಅರ್ಥದ ಕಿಸಲಯದಿಂದಲೇ ಬಂತೆಂದು ಒಂದು ಸಂಜೆ ಸಾಧಿಸಿದರೆ, ಸಂಸ್ಕೃತ ಇತ್ತ ಕಾಲಿಡುವ ಮೊದಲೇ ಇಲ್ಲಿ ಬಾಳಿಹೋದ ಯಾರದೋ ನುಡಿಯಿರಬೇಕೆಂದು ಮರುದಿನ ನನ್ನನ್ನು ನಾನೇ ಖಂಡಿಸುತ್ತಿದ್ದೆ. ವಾದಿ, ಪ್ರತಿವಾದಿ, ನ್ಯಾಯಾಧೀಶ ಮೂವರೂ ನಾನೇ ಆದ್ದರಿಂದ ತೀರ್ಪು ಮಾತ್ರ ಬರಲಿಲ್ಲ.

ಮಾವ ತೀರಿಕೊಂಡ ಮೇಲೆ ಕಿಸಲಗಡ್ಡೆ ಅತ್ತೆ ಮಗನೊಡನೆ ಶಿರಸಿಗೆ, ನಮ್ಮ ಪಕ್ಕದ ಮನೆಗೇ ಬಂದರು. ಗುರುತಿಗೆ ಸುಲಭವೆಂದು ನೆಂಟರೆಲ್ಲ ಅವರನ್ನು ಶಿರಸಿ ಅತ್ತೆ ಎನ್ನತೊಡಗಿದರು, ನಾನೂ ದನಿಗೂಡಿಸಿದೆ. ಕ್ರಮೇಣ ಅತ್ತೆ ಓಗೊಡುವುದು ನಿಂತಿತು. ಕಿವಿ ಹೋಯಿತೆಂದು ಮರುಗಿದೆವು. ಡಾಕ್ಟರ ಬಳಿ ಕರೆದೊಯ್ಯಲು ಹೋದರೆ ಕೈ ಕೊಸರಿಕೊಂಡದ್ದಕ್ಕೆ ಮಗನೇ ಕಿವಿಗಿಡುವ ಮಿಷನ್ ತಂದುಕೊಟ್ಟ. ಅತ್ತೆ ಅದನ್ನು ಸಾಸಿವೆ ಡಬ್ಬಿಯ ಪಕ್ಕದಲ್ಲಿಟ್ಟರು.

ಒಂದು ಮಧ್ಯಾಹ್ನ ಅವರೆದುರು ಕೂತು, ಕೇಳಿಸುವುದಿಲ್ಲವೆಂಬ ಧೈರ್ಯದಲ್ಲಿ, ಕಿಸಲಗಡ್ಡೆಯ ವ್ಯುತ್ಪತ್ತಿಯನ್ನು ಗಟ್ಟಿಯಾಗಿ ನನಗೆ ನಾನೇ ಒಪ್ಪಿಸಿಕೊಳ್ಳುತ್ತಿದ್ದೆ. ಹೂಬತ್ತಿ ಹೊಸೆಯುತ್ತಿದ್ದ ಅತ್ತೆಯ ಕೈ ತಟ್ಟನೆ ನಿಂತಿತು.

"ಎಂತ ಅಂದ್ಯೋ ತಮಾ? ಇನ್ನೊಂದ್ಸಲ ಹೇಳು."

"ಅತ್ತೆ, ನಿಂಗೆ ಕೇಳ್ತಾ?"

"ಯಂಗೆ ಕೆಪ್ಪು ಎಂತದೂ ಇಲ್ಲೆ. ಶಿರಸಿ ಅತ್ತೆ ಅಂದ್ರೆ ಬೇರೆ ಯಾರನ್ನೋ ಕರದಾಂಗೆ ಆಗ್ತು. ಗಡ್ಡೇಲಿ ಈಗ ಮನೆ ಇಲ್ಲೆ, ಜನ ಇಲ್ಲೆ. ಹೆಸರೊಂದು ಯನ್ನ ಜೊತೆಗಿತ್ತು, ಅದನ್ನೂ ನೀವೆಲ್ಲ ಬಿಟ್ರಿ."

"ಅದರ ಅರ್ಥ ನಿಂಗೆ ಗೊತ್ತಿದ್ದಾ ಅತ್ತೆ?"

"ಅರ್ಥ ಎಂತಕ್ಕೋ? ಕರಿಯಲೆ ಅರ್ಥ ಬೇಕಾ?"

ಯಾವ ಕಾಲದಲ್ಲೋ, ಯಾವ ಜನರೋ ಆ ನೆಲಕ್ಕಿಟ್ಟ ಹೆಸರು ಬಾಯಿಂದ ಬಾಯಿಗೆ ದಾಟಿ ಈ ಮನೆಯ ಜಗುಲಿಯವರೆಗೆ ಬಂದಿತ್ತು. ಇಟ್ಟವರಾದರೂ ಅರ್ಥ ತಿಳಿದೇ ಇಟ್ಟಿದ್ದರೋ, ಇಲ್ಲವೋ. ಕರೆಯುವವರು ಇರುವಷ್ಟು ದಿನ ಅದು ಬದುಕಿತ್ತು, ಅಷ್ಟೇ.

ಈಗ ಕೆಲಸವಿರಲಿ ಇಲ್ಲದಿರಲಿ, ದಿನಾ ಬೆಳಿಗ್ಗೆ ಕಾಂಪೌಂಡಿನ ಈಚೆ ನಿಂತು "ಕಿಸಲಗಡ್ಡೆ ಅತ್ತೇ" ಎಂದು ಕೂಗುತ್ತೇನೆ. ಕೆಲವೊಮ್ಮೆ ಉತ್ತರ ಬರುವುದು ತಡವಾಗುತ್ತದೆ. ಅಷ್ಟು ಹೊತ್ತು ನನಗೆ ಭಯವಾಗುತ್ತದೆ. ಆಮೇಲೆ ಒಳಗಿಂದ ಆ ನಡುಗುವ ದನಿ "ಓ" ಎನ್ನುತ್ತದೆ.